ಮುಂದಿನ ಪುಟ ಬೀರುವಿನಲ್ಲಿತ್ತು

ಸಂಪೆಕೊಪ್ಪದ ಪಂಚಾಯ್ತಿ ಗ್ರಂಥಾಲಯದ ಹೆಂಚು ಒಡೆದು ಎರಡು ಮಳೆಗಾಲ ಕಳೆದಿತ್ತು. ಯಾರೂ ಕೇಳಲಿಲ್ಲ. ಪೇಪರು ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಅದನ್ನೂ ಯಾರೂ ಕೇಳಲಿಲ್ಲ. ಕುರ್ಚಿಯ ಕಾಲು ಮುರಿದರೆ ಗ್ರಂಥಾಲಯ ನೋಡಿಕೊಳ್ಳುವ ಶ್ಯಾಮಲಾ ತಾನೇ ತಂತಿ ಸುತ್ತಿ ನಿಲ್ಲಿಸುತ್ತಿದ್ದಳು. ಪಂಚಾಯ್ತಿ ಮೆಂಬರುಗಳು ಆ ಬಾಗಿಲು ದಾಟಿದ್ದನ್ನು ಕಂಡವರಿರಲಿಲ್ಲ.

ಅಂಥ ಊರಿನಲ್ಲಿ ಒಂದು ಸೋಮವಾರ ಬೆಳಿಗ್ಗೆ ಗ್ರಂಥಾಲಯದ ಮುಂದೆ ಸಾಲಾಗಿ ಬೈಕುಗಳು ನಿಂತವು. ಎಲ್ಲರಿಗೂ ಒಂದೇ ಪುಸ್ತಕ ಬೇಕಿತ್ತು. ಓದಲಿಕ್ಕಲ್ಲ, ಹೊರಗೆ ಹಾಕಲಿಕ್ಕೆ.

ಆದದ್ದು ಇಷ್ಟು. ಹಿಂದಿನ ದಿನ ನಿರಂಜನ ಎಂಬ ಮೆಂಬರು ಊರಿನ ವಾಟ್ಸಾಪ್ ಗುಂಪಿಗೆ ಒಂದು ಪುಟದ ಫೋಟೋ ಹಾಕಿದ್ದ. ಕೆಳಗೆ ಹೀಗೆ ಬರೆದಿದ್ದ: "ನಮ್ಮ ಮನೆ ಹೆಂಗಸರ ಬಗ್ಗೆ ಎಂಥ ಹೊಲಸು ಬರೆದಿದ್ದಾರೆ ನೋಡಿ. ಈ ಪುಸ್ತಕ ನಮ್ಮ ಮಕ್ಕಳ ಶಾಲೆಯಲ್ಲಿದೆ. ಸುಮ್ಮನಿರ್ತೀರಾ?" ಆ ಪುಟದಲ್ಲಿ ಇದ್ದದ್ದು ಇದು:

ಬೀಗಪ್ಪ ಬರುವಾಗ ಹೊಟ್ಟೇಯೆ ಮುಂದಂತೆ
ಬುದ್ಧೀಯ ಮರೆತು ಬಂದಾನೆ, ನಮ ಬೀಗ
ಬಚ್ಚಲಿಗು ಚಪ್ಲಿ ಬಿಡಲಾರ

ಬೀಗಮ್ಮನ ಕಣ್ಣು ಕೋಣೇಯ ಕದದಾಗೆ
ಗಂಡ ಬಾರೆಂದು ಕರೆದಾನೆ, ಹೋದಾರೆ
ಗೊರಕೆಯ ಕೇಳಿ ತಿರುಗ್ಯಾಳೆ

ಊರು ಸುಮ್ಮನಿರಲಿಲ್ಲ. ಊಟ ಮಾಡುತ್ತಾ ಓದಿದರು, ಹಾಲು ಕರೆದು ಬಂದು ಓದಿದರು, ಓದಿ ಮುಂದಕ್ಕೆ ಕಳಿಸಿದರು. ಮಕ್ಕಳ ಕಣ್ಣಿಗೆ ಬೀಳಬಾರದು ಎನ್ನುತ್ತಲೇ, ಮಕ್ಕಳು ಇಡೀ ದಿನ ಕೈಯಲ್ಲಿ ಹಿಡಿದಿರುವ ಫೋನುಗಳಿಗೆಲ್ಲ ಕಳಿಸಿದರು.

ಗ್ರಂಥಾಲಯಕ್ಕೆ ಬಂದವರಲ್ಲಿ ಮುಂದೆ ನಿಂತವನು ಕೆರಿಯಪ್ಪ. ಅವನೂ ಮೆಂಬರು. ಒಳ್ಳೆಯ ಬೇಸಾಯಗಾರ. ಕೆಟ್ಟವನಲ್ಲ. ಆದರೆ ನಾಲ್ಕು ಜನ ಸೇರಿ "ನೀವೇ ಮುಂದೆ ನಿಲ್ಬೇಕು" ಎಂದರೆ, ಯಾಕೆ ಎಂದು ಕೇಳದೆ ಮುಂದೆ ನಿಂತುಬಿಡುವ ಮನುಷ್ಯ.

"ಆ ಹಾಡಿನ ಪುಸ್ತಕ ಕೊಡು ಶ್ಯಾಮಲಾ."

"ಓದೋಕಾ ಕೆರಿಯಪ್ಪಣ್ಣ? ಕೂತ್ಕಳಿ, ಕೊಡ್ತೀನಿ. ಆ ಕುರ್ಚಿ ಬೇಡ, ಬೀಳ್ತೀರಿ."

"ಓದೋಕಲ್ಲ ಮಾರಾಯ್ತಿ. ಪಂಚಾಯ್ತಿ ಬೀರುವಿಗೆ ಹಾಕೋಕೆ."

"ಯಾರಾದ್ರೂ ಪೂರ್ತಿ ಓದಿದೀರಾ ಇದನ್ನ?"

ನಿರಂಜನ ಫೋನು ಮುಂದೆ ಹಿಡಿದ. "ಇಲ್ನೋಡು. ಓದಿ ಆಗಿದೆ."

"ಅದು ಒಂದು ಪುಟ ನಿರಂಜನಣ್ಣ. ಇದರಲ್ಲಿ ಇನ್ನೂರು ಪುಟ ಇದಾವೆ."

"ಹೊಲಸು ಅಂತ ಗೊತ್ತಾಗೋಕೆ ಇಡೀ ತಿನ್ಬೇಕೇನೆ?"

"ತಿನ್ಬೇಡಿ. ಬರೆದು ಕೊಡಿ. ಯಾರು ತಗಂಡ್ ಹೋಗ್ತಿದೀರಿ, ಯಾಕೆ ಅಂತ ಎರಡು ಸಾಲು."

"ಬರೆಯೋದೆಂತ ಬಂತು. ಮೆಂಬರುಗಳು ಬಾಯಲ್ಲಿ ಹೇಳಿದ್ರೆ ಸಾಲ್ದಾ?"

ಸಾಲುತ್ತದೆ ಎಂದು ಅವರೇ ತೀರ್ಮಾನಿಸಿದರು. ಕೈ ಹಾಕಿದ್ದು ಹಾಕಿದೆವು ಎಂದು ನಿರಂಜನ ಇನ್ನೂ ನಾಲ್ಕು ಪುಸ್ತಕ ಎಳೆದ. ಒಂದು, ಹೆಣ್ಣುಮಕ್ಕಳು ದೊಡ್ಡವರಾಗುವಾಗ ಮೈಯಲ್ಲಿ ಏನಾಗುತ್ತದೆ ಎಂದು ಹೇಳುವುದು. ಒಂದು, ದೇವರು ದಿಂಡರ ಬಗ್ಗೆ ಪ್ರಶ್ನೆ ಕೇಳುವುದು. ಇನ್ನೊಂದರಲ್ಲಿ ಬೇರೆ ಬೇರೆ ಜಾತಿಯ ಹುಡುಗ ಹುಡುಗಿ ಮದುವೆಯಾಗುತ್ತಾರೆ. ನಾಲ್ಕನೆಯದರ ರಟ್ಟಿನ ಬಣ್ಣ ಅವನಿಗೆ ಸರಿ ಕಾಣಲಿಲ್ಲ. ಶಾಲೆಯಲ್ಲಿದ್ದ ಹಾಡಿನ ಪುಸ್ತಕವನ್ನು ಹೆಡ್‌ಮೇಷ್ಟ್ರು ಪೇಪರಿನಲ್ಲಿ ಸುತ್ತಿ ತಾವೇ ಕಳಿಸಿಕೊಟ್ಟರು. ಒಂದು ಮಾತು ಕೇಳಲಿಲ್ಲ. ಎಲ್ಲವೂ ಪಂಚಾಯ್ತಿಯ ಕಬ್ಬಿಣದ ಬೀರುವಿನೊಳಗೆ ಹೋದವು. ಕೀಲಿ ಕೆರಿಯಪ್ಪನ ಬೈಕಿನ ಗೊಂಚಲಿಗೆ ಸೇರಿತು.

ಸಭೆ ಇಲ್ಲ, ಚರ್ಚೆ ಇಲ್ಲ, ಒಂದು ಚೀಟಿ ಕೂಡ ಇಲ್ಲ. ಓದದವರು ಬಂದು, ಓದುವವರ ಕೈಯಿಂದ ಪುಸ್ತಕ ಕಿತ್ತುಕೊಂಡು ಹೋದರು. ಅಷ್ಟು ಸುಲಭ ಅದು. ಹಲಸಿನಮರದಿಂದ ಕಾಯಿ ಇಳಿಸುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಇನ್ನು ಆ ಪುಸ್ತಕ ಎಂಥದು ಎಂದು ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ದಿಬ್ಬಣ ಬಂದಾಗ ಗಂಡಿನ ಕಡೆ ಹೆಂಗಸರು ಹೆಣ್ಣಿನ ಕಡೆ ಬೀಗರನ್ನು ಹಾಡಿನಲ್ಲಿ ಬೈಯುತ್ತಾರೆ. ಹೆಣ್ಣಿನ ಕಡೆಯವರು ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಎಲ್ಲರೂ ನಗುತ್ತಾರೆ, ಆಮೇಲೆ ಎಲೆ ಹಾಕುತ್ತಾರೆ. ಉತ್ತರ ಕೊಡಲಾಗದ ಮನೆಯನ್ನು ಮಾತ್ರ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಈಗ ಈ ಹಾಡು ಬಲ್ಲವರು ಕಡಿಮೆ. ಅದಕ್ಕೇ ಕೆಲವು ವರ್ಷದ ಹಿಂದೆ ಸಾಗರದ ಟೀಚರೊಬ್ಬರು ಊರೂರು ತಿರುಗಿ, ಮುದುಕಿಯರ ಪಕ್ಕದಲ್ಲಿ ಕೂತು, ಹಾಡು ಬರೆದುಕೊಂಡು ಅಚ್ಚು ಹಾಕಿಸಿದ್ದರು. ಅದರಲ್ಲಿ ಎಲ್ಲರಿಗಿಂತ ಹೆಚ್ಚು ಹಾಡು ಹೇಳಿದವಳು ಕನ್ನಮ್ಮ.

ಕನ್ನಮ್ಮ ಬೇರೆ ಯಾರೂ ಅಲ್ಲ. ಕೆರಿಯಪ್ಪನ ತಾಯಿ.

ಅವಳಿಗೆ ಓದು ಬರದು. ಟೀಚರು ಕೊಟ್ಟ ಪ್ರತಿಯನ್ನು "ಓದೋರ ಕೈಲಿರ್ಲಿ" ಎಂದು ಗ್ರಂಥಾಲಯಕ್ಕೆ ಕೊಟ್ಟಿದ್ದಳು. ಊರಿನಲ್ಲಿದ್ದದ್ದು ಅದೊಂದು, ಶಾಲೆಯದೊಂದು.

ಕೆರಿಯಪ್ಪ ಮನೆಗೆ ಬಂದಾಗ ಕನ್ನಮ್ಮ ಪುಂಡಿನಾರಿನ ಕುಂಚ ಹಿಡಿದು ಗೋಡೆಗೆ ಚಿತ್ತಾರ ಬರೆಯುತ್ತಿದ್ದಳು. ಮೊಮ್ಮಗಳು ಲಿಖಿತಾಳ ಮದುವೆ ಗೊತ್ತಾಗಿತ್ತು. ಹೊಸನಗರದ ಆಚೆ, ನಗರ ಎಂಬ ಊರಿನ ಹತ್ತಿರದ ಮನೆ. ಮದುಮಕ್ಕಳು ಕೂರುವ ಹಸೆಗೋಡೆಗೆ ಚಿತ್ತಾರ ಬರೆಯುವಷ್ಟು ಕೈ ಇನ್ನೂ ಗಟ್ಟಿಯಿತ್ತು. ಉಸಿರು ಮಾತ್ರ ಹೋಗಿತ್ತು. ಕಳೆದ ಮಳೆಗಾಲದಿಂದ ದಮ್ಮು ಹಿಡಿದು, ನಾಲ್ಕು ಮಾತಿಗೆ ಒಮ್ಮೆ ನಿಲ್ಲಬೇಕಿತ್ತು.

"ಬೆಳಿಗ್ಗೆನೇ ಎಲ್ಲಿ ಹೋಗಿದ್ದ್ಯೋ?"

"ಆ ಪುಸ್ತಕ ತೆಗೆಸಿದೆ ಅವ್ವ. ಒಂದು ಪುಟ ಸರಿ ಇಲ್ಲ ಅದ್ರಲ್ಲಿ."

"ಯಾವ ಪುಟ? ಓದು, ಕೇಳನ."

ತಾಯಿಯ ಮುಂದೆ ಓದಲು ಕೆರಿಯಪ್ಪನಿಗೆ ನಾಲಿಗೆ ಏಳಲಿಲ್ಲ. ಹೆಂಡತಿ ಯಶೋಧಾ ಫೋನು ಇಸಿದುಕೊಂಡು ಓದಿದಳು. ಗೊರಕೆಯ ಸಾಲು ಬಂದಾಗ ಕನ್ನಮ್ಮ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತಮೇಲೆ ಹೇಳಿದಳು.

"ನಿನ್ನ ಮದುವೇಲಿ ಇದನ್ನ ಹಾಡಿದ್ದು ನಾನೇಯ. ಇವಳಪ್ಪನಿಗೆ."

"ಹೌದು," ಎಂದಳು ಯಶೋಧಾ. "ನಮ್ಮಪ್ಪ ಇರೋವರ್ಗೂ ಹೇಳ್ಕಂಡ್ ನಗ್ತಿದ್ರು. ಬಚ್ಚಲಿಗೆ ಹೋಗುವಾಗೆಲ್ಲ ಚಪ್ಲಿ ನೋಡ್ಕಳೋರು."

ಕೆರಿಯಪ್ಪ ಮುಖ ಗಂಟು ಹಾಕಿದ. "ಚಪ್ಪರದಲ್ಲಿ ಹಾಡೋದು ಬೇರೆ, ಪುಸ್ತಕಕ್ಕೆ ಹಾಕೋದು ಬೇರೆ. ಹಾಡಿದ್ದು ಚಪ್ಪರದ ಜೊತೆ ಹೋಗ್ತದೆ. ಪುಸ್ತಕದಲ್ಲಿದ್ರೆ ಉಳಿದುಬಿಡ್ತದೆ."

"ಉಳೀಲಿ ಅಂತಲೇ ಹೇಳಿದ್ದು," ಎಂದಳು ಕನ್ನಮ್ಮ. "ಲಿಖಿತನ ಮದುವೇಲಿ ನಮ್ಮನೆ ಉತ್ತರ ಕೇಳ್ಬೇಕು ಅಂತ ಆಸೆ ನಂಗೆ. ನನ್ನ ಬಾಯಲ್ಲಿ ಆಗದಿದ್ರೆ ಯಾರ ಬಾಯಲ್ಲಾದ್ರೂ."

ಅವನು ಗದ್ದೆ ಕಡೆ ಹೋದ. ಯಶೋಧಾ ಅತ್ತೆಯನ್ನು ಸಮಾಧಾನ ಮಾಡಿದಳು. "ಬಿಡಿ ಅತ್ತೆ. ಒಂದು ಪುಸ್ತಕ ತಾನೇ. ಮದುವೆ ಮನೇಲಿ ಜಗಳ ಬೇಡ."

ಇದೇ ಮಾತನ್ನು ಅವಳು ಸ್ವಸಹಾಯ ಸಂಘದ ವಾರದ ಸಭೆಯಲ್ಲೂ ಹೇಳಿದಳು. ಶ್ಯಾಮಲಾ ಅದೇ ಸಂಘದವಳು. ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿದ್ದಳು.

"ಒಂದು ಪುಸ್ತಕ ಹೋದ್ರೆ ಎಂತಾಗ್ತದೆ ಶ್ಯಾಮಲಾ? ರೇಷನ್ ನಿಂತಿಲ್ಲ, ಕರೆಂಟ್ ನಿಂತಿಲ್ಲ."

"ದಿಬ್ಬಣದವರು ಹಾಡಿದ್ರೆ ಉತ್ತರ ಯಾರು ಹಾಡ್ತಾರೆ ಯಶೋಧಕ್ಕ?"

"ಅತ್ತೆ ಹತ್ರ ಕಲ್ತ್ಕಂಡ್ರಾಯ್ತು."

"ಕಲ್ತ್ಕಳಿ ನೋಡಣ." ಶ್ಯಾಮಲಾ ಹೂವಿನ ದಾರ ಹಲ್ಲಲ್ಲಿ ಕಡಿದಳು. "ಮತ್ತೆ ಒಂದು ಮಾತು. ಇವತ್ತು ಹಾಡಿಂದು ಬೇಡ ಅಂದ್ರು. ಜೊತೆಗೆ ನಾಲ್ಕು ಹೋಯ್ತು. ನಾಳೆ ಹತ್ತು ಹೋಗ್ತದೆ. ನಿಮ್ಗೆ ಬೇಡದ ಪುಸ್ತಕ ನೀವು ಮುಟ್ಬೇಡಿ. ಸರಿ ಇಲ್ಲ ಅಂತ ಎಲ್ಲರ ಮುಂದೆ ಹೇಳಿ, ಕೇಳ್ತೀವಿ. ನಂಗೂ ಸಿಗಬಾರದು ಅಂತ ಕೀಲಿ ಹಾಕೋಕೆ ನೀವ್ಯಾರು?"

"ನಾನೆಲ್ಲಿ ಹಾಕಿದೆ?"

"ಹಾಕಿದೋರಿಗೆ ಅನ್ನ ಬಡಿಸ್ತಿದೀರಲ್ಲ."

ಸಂಘದವರೆಲ್ಲ ನಕ್ಕರು. ಯಶೋಧಾಗೆ ನಗು ಬರಲಿಲ್ಲ.

ಮನೆಗೆ ಬಂದು ಅತ್ತೆಯ ಎದುರು ಕೂತಳು. ಕಲಿಸಿ ಎಂದಳು. ಆದರೆ ಹಾಡು ಎಂಬುದು ಮಾತಿನ ಹಾಗೆ ತುಂಡು ತುಂಡಾಗಿ ಬರುವುದಿಲ್ಲ. ಮೊದಲಿನಿಂದ ಎತ್ತಿಕೊಂಡು ಹಾಡುತ್ತಾ ಬಂದರೆ ಮುಂದಿನ ಸಾಲು ತಾನಾಗಿ ಬರುತ್ತದೆ. ಮಧ್ಯದಿಂದ ಹೇಳು ಎಂದರೆ ಕನ್ನಮ್ಮನಿಗೆ ತಲೆಯೊಳಗೆಲ್ಲ ಬಯಲು. ಮೊದಲಿನಿಂದ ಹಾಡಲು ಉಸಿರಿಲ್ಲ. ಒಂದು ಸಾಲು ಹಾಡುವಳು, ಕೆಮ್ಮುವಳು, ಮತ್ತೆ ಅದೇ ಸಾಲು. ಕೊನೆಗೆ ಕಣ್ಣಲ್ಲಿ ನೀರು ಬಂತು.

"ಬಾಯಿ ಇದ್ದಾಗ ಕೇಳ್ಲಿಲ್ಲ ನೀವು. ಪುಸ್ತಕ ಇದ್ದಾಗ ಓದ್ಲಿಲ್ಲ."

ಅಂದು ಮಧ್ಯಾಹ್ನ ಊಟಕ್ಕೆ ಕೂತ ಗಂಡನನ್ನು ಯಶೋಧಾ ನೇರವಾಗಿ ಕೇಳಿದಳು. "ಬೀರುವಿನ ಕೀಲಿ ಕೊಡಿ."

"ಹುಚ್ಚಾ ನಿಂಗೆ? ನಾನೇ ಹಾಕಿ ನಾನೇ ತೆಗೆದ್ರೆ ಊರು ಎಂತ ಹೇಳ್ತದೆ? ನಿರಂಜನ ಬಿಡ್ತಾನಾ?"

"ನಿರಂಜನ ಬರ್ತಾನಾ ಚಪ್ಪರದಲ್ಲಿ ಉತ್ತರ ಹಾಡೋಕೆ?"

"ಈ ಕಾಲದಲ್ಲಿ ಯಾರು ಹಾಡ್ತಾರೆ ಬಿಡೇ. ಸ್ಪೀಕರ್ ಹಾಕಿಸ್ತೀನಿ."

ಮದುವೆ ದಿನ ಸ್ಪೀಕರೂ ಬಂತು. ಬಿಸಿಲು ನೆತ್ತಿಗೇರುವ ಹೊತ್ತಿಗೆ ದಿಬ್ಬಣವೂ ಬಂತು. ದಿಬ್ಬಣದ ಮುಂದೆ ಮದುಮಗನ ಸೋದರತ್ತೆ ಕೆರಿಯಮ್ಮ. ದೊಡ್ಡ ಮೈ, ದೊಡ್ಡ ಗಂಟಲು. ಕೈಯಲ್ಲಿ ಫೋನು. ಚಪ್ಪರದ ಬಾಯಲ್ಲಿ ನಿಂತವಳೇ ಸ್ಪೀಕರಿನವನಿಗೆ ಕೈ ಮಾಡಿದಳು.

"ಅದನ್ನ ಆರಿಸೋ. ಇಲ್ಲಿ ಬಾಯಿದ್ದೋರು ಬಂದಿದೀವಿ."

ಮತ್ತೆ ಫೋನು ನೋಡಿಕೊಂಡು ಹಾಡು ಎತ್ತಿದಳು.

ಬೀಗಪ್ಪ ಬರುವಾಗ ಹೊಟ್ಟೇಯೆ ಮುಂದಂತೆ...

ಅದೇ ಹಾಡು. ಅದೇ ಪುಟ. ಮಕ್ಕಳು ನೋಡಬಾರದೆಂದು ಊರಿನವರು ಕಳಿಸಿದ ಫೋಟೋ ಸಾಗರಕ್ಕೆ ಹೋಗಿ, ತೀರ್ಥಹಳ್ಳಿ ಸುತ್ತಿ, ಹೊಸನಗರ ದಾಟಿ ನಗರದ ಕೆರಿಯಮ್ಮನ ಫೋನಿಗೂ ಮುಟ್ಟಿತ್ತು. ಗುಂಪಿನ ಹೆಂಗಸರೆಲ್ಲ ದನಿ ಕೂಡಿಸಿದರು. ಗಂಡಸರು ಹಲ್ಲು ಬಿಟ್ಟರು. ಬೀಗಪ್ಪನ ಜಾಗದಲ್ಲಿ ಜರಿ ಶಲ್ಯ ಹೊದ್ದು, ಹೊಟ್ಟೆ ಮುಂದೆ ಮಾಡಿಕೊಂಡು ನಿಂತವನು ಕೆರಿಯಪ್ಪ. ಗೊರಕೆಯ ಸಾಲಿಗೆ ಅಡುಗೆಯವರು ಕೂಡ ಸೌಟು ಹಿಡಿದುಕೊಂಡು ಹೊರಗೆ ಬಂದರು.

ಹಾಡು ಮುಗಿಯಿತು. ಈಗ ಹೆಣ್ಣಿನ ಕಡೆಯವರ ಸರದಿ. ಚಪ್ಪರ ಕಾಯಿತು. ಸಂಪೆಕೊಪ್ಪದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೆಲ್ಲರಿಗೂ ಆ ಒಂದು ಪುಟ ಬಾಯಿಪಾಠವಾಗಿತ್ತು. ಅದರ ಆಚೆ ಏನೂ ಗೊತ್ತಿರಲಿಲ್ಲ.

"ಎಂತದ್ರೇ," ಎಂದಳು ಕೆರಿಯಮ್ಮ. "ಹೆಣ್ಣು ಕೊಡೋಕೆ ಒಪ್ಪಿದೀರಿ. ಉತ್ತರ ಕೊಡೋಕೆ ಎಂತ ಆಯ್ತು? ಹುಡುಗಿಗೂ ಬಾಯಿಲ್ವಾ ಹಂಗಾದ್ರೆ? ಮನೆಗೆ ಬರ್ಲಿ, ನಾವೇ ಕಲಿಸ್ತೀವಿ."

ಹಸೆಗೋಡೆಯ ಮುಂದೆ ಕೂತ ಲಿಖಿತಾ ಕೆಳಗೆ ನೋಡಿದಳು. ಕನ್ನಮ್ಮ ಕೂತಲ್ಲೇ ನೆಟ್ಟಗಾದಳು. "ಗೊರಕೆ ಹೊಡೆದವನು..." ಎಂದು ಎತ್ತಿದಳು. ಅಷ್ಟಕ್ಕೇ ಉಸಿರು ಕಟ್ಟಿತು. ಮತ್ತೊಮ್ಮೆ ಎತ್ತಿದಳು. ಮತ್ತೆ ಕಟ್ಟಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮೊದಲು ನಕ್ಕಿದ್ದವರು ಈಗ ನಗಲಿಲ್ಲ.

ಆಗ ಲಿಖಿತಾ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅಪ್ಪ, ಅಜ್ಜಿಯ ಬಾಕಿ ಹಾಡು ನಿನ್ನ ಬೈಕಿನ ಕೀಲಿಗೊಂಚಲಲ್ಲಿದೆ."

ಕೆರಿಯಪ್ಪ ಮಗಳನ್ನು ನೋಡಿದ. ತಾಯಿಯನ್ನು ನೋಡಿದ. ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ನಿರಂಜನ ಬೇಡ ಎಂಬಂತೆ ತಲೆ ಆಡಿಸಿದ. ಕೆರಿಯಪ್ಪ ಅವನ ಪಕ್ಕದಲ್ಲೇ ಹಾದು ಹೋಗಿ ಬೈಕು ಒದ್ದ. ಜರಿ ಶಲ್ಯ ಹಾರಿಸಿಕೊಂಡು ಪಂಚಾಯ್ತಿ ಆಫೀಸಿಗೆ ಹೋದವನು, ದಿಬ್ಬಣದವರು ಪಾನಕ ಕುಡಿದು ಮುಗಿಸುವುದರೊಳಗೆ ಪುಸ್ತಕ ಎದೆಗೆ ಅವುಚಿಕೊಂಡು ಬಂದ. ನಿಂತಲ್ಲೇ ಆ ಪುಟ ತೆಗೆದ. ಅದನ್ನು ತಿರುವಿದ. ಮೊದಲ ಸಲ ತಿರುವಿದ. ಓದಿದ. ಅವನ ಮೀಸೆಯ ಕೆಳಗೆ ನಗು ಬಂತು.

"ತಗಾ," ಎಂದು ಯಶೋಧಾಳ ಕೈಗೆ ಕೊಟ್ಟ. "ಗಟ್ಟಿಯಾಗಿ ಹಾಡು."

ಯಶೋಧಾ ಹಾಡಿದಳು. ಕನ್ನಮ್ಮ ಕೂತ ಮಣೆಯ ಮೇಲೆ ಬೆರಳು ಬಡಿದು ತಾಳ ಕೊಟ್ಟಳು.

ಗೊರಕೆ ಹೊಡೆದವನು ಗದ್ದೆ ಹೂಡಿ ಬಂದವನು
ದಣಿದವಗೆ ನಿದ್ದೆ ತಪ್ಪೇನೆ, ಬೀಗಿತ್ತಿ
ಕದದ ಸಂದೀಲಿ ನೀನ್ಯಾಕೆ

ಕದದ ಸಂದಿಯಲ್ಲಿ ಇಣುಕಿದವಳಿಗಲ್ಲದೆ ಗೊರಕೆಯ ಸುದ್ದಿ ಇನ್ಯಾರಿಗೆ ಗೊತ್ತಾಗಬೇಕು? ಅರ್ಥವಾದದ್ದೇ ಚಪ್ಪರ ಹಾರಿಹೋಗುವಂತೆ ನಗು ಎದ್ದಿತು. ಕೆರಿಯಮ್ಮ ಹಣೆ ಚಚ್ಚಿಕೊಂಡು ನಕ್ಕಳು. ಯಶೋಧಾ ನಿಲ್ಲಿಸಲಿಲ್ಲ. ಸಂಪೆಕೊಪ್ಪದ ಹೆಂಗಸರೆಲ್ಲ ಅವಳ ಹೆಗಲ ಮೇಲಿಂದ ಪುಸ್ತಕ ನೋಡುತ್ತಾ ದನಿಗೂಡಿಸಿದರು.

ಬೈದ ಬಾಯಿಗೆ ನಾವು ಬೆಲ್ಲವ ಕೊಡುತೇವೆ
ಬೈಸಿಕೊಂಡೋರೆ ನೆಂಟಾರು, ಬೀಗಿತ್ತಿ
ಒಂದೆಲೆಯ ಮಡಿಸಿ ಮೆಲುವಾನ

ಹಾಡು ಹೇಳಿದಂತೆಯೇ ಬೆಲ್ಲ ಬಂತು, ಎಲೆ ಬಂತು. ಕೆರಿಯಮ್ಮ ತಾನೇ ಒಂದು ಚೂರು ಬೆಲ್ಲ ಕನ್ನಮ್ಮನ ಬಾಯಿಗಿಟ್ಟಳು.

"ಸೋತೆ ಮಾರಾಯ್ತಿ. ಇದೆಲ್ಲಿತ್ತು? ನಂಗೆ ಬಂದ ಫೋಟೋದಲ್ಲಿ ಇದು ಇರ್ಲಿಲ್ಲ."

"ಇದು ಮುಂದಿನ ಪುಟ ಬೀಗಿತ್ತಿ," ಎಂದಳು ಯಶೋಧಾ. "ಮುಂದಿನ ಪುಟ ಬೀರುವಿನಲ್ಲಿತ್ತು."

"ಬೀರುವಿಗೆ ಹಾಕಿದ್ದು ಯಾವ ಪುಣ್ಯಾತ್ಮ?"

"ನಾನೇ," ಎಂದ ಕೆರಿಯಪ್ಪ. "ನಂಗೂ ಬೆಲ್ಲ ಕೊಡಿ. ಬೈಸಿಕೊಂಡಾಯ್ತಲ್ಲ."

ಮದುವೆ ಮುಗಿಯಿತು, ಕಥೆ ಮುಗಿಯಲಿಲ್ಲ. ಬೀರುವಿನಲ್ಲಿ ಶಾಲೆಯ ಪ್ರತಿಯೂ ಆ ನಾಲ್ಕು ಪುಸ್ತಕಗಳೂ ಇನ್ನೂ ಇದ್ದವು. ಮುಂದಿನ ಗ್ರಾಮಸಭೆಗೆ ಸ್ವಸಹಾಯ ಸಂಘದ ಹೆಂಗಸರು ಒಬ್ಬರೂ ತಪ್ಪದೆ ಹೋದರು. ನಿರಂಜನ ಅಲ್ಲಿ ಎದ್ದು ನಿಂತು ದೊಡ್ಡ ಮನಸ್ಸು ತೋರಿಸಿದ.

"ಹಾಡಿನ ಪುಸ್ತಕ ವಾಪಸ್ ಇಡಿ, ನಂದೇನೂ ಇಲ್ಲ. ಅದು ನಮ್ಮ ಹಿರಿಯರದ್ದು. ಉಳಿದ ನಾಲ್ಕು ಒಳಗೇ ಇರ್ಲಿ."

ಯಶೋಧಾ ಎದ್ದಳು. "ಆ ನಾಲ್ಕನ್ನ ಓದಿದ್ಯಾ ನಿರಂಜನ?"

"ಓದೋ ಅಂಥದ್ದಲ್ಲ ಅತ್ತಿಗೆ ಅವು."

"ನಮ್ಮತ್ತೇದೂ ಓದೋ ಅಂಥದ್ದಲ್ಲ ಅಂತಿದ್ದೆ. ಅವಕ್ಕೂ ಮುಂದಿನ ಪುಟ ಇರ್ತದಲ್ಲ."

ನಿರಂಜನ ಕೂತುಕೊಂಡ. ಹಿಂದಿನಿಂದ ಒಬ್ಬರು, "ಸಣ್ಣ ಮಕ್ಕಳ ಕೈಗೆ ಸಿಕ್ಕಿದ್ರೆ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಶ್ಯಾಮಲಾ ಉತ್ತರ ಹೇಳಿದಳು.

"ಸಣ್ಣ ಮಕ್ಕಳ ಪುಸ್ತಕಕ್ಕೆ ಬ್ಯಾರೆ ಕಪಾಟು ಇದೆ. ಯಾವ ವಯಸ್ಸಿಗೆ ಯಾವುದು ಅಂತ ನೋಡಿ ಕೊಡೋದು ನನ್ನ ಕೆಲಸ, ಮೇಷ್ಟ್ರ ಕೆಲಸ, ಮನೆಯವರ ಕೆಲಸ. ಅದಕ್ಕಂತ ಊರಿಗೆಲ್ಲ ಸೇರಿಸಿ ಕೀಲಿ ಹಾಕೋದು ಯಾರ ಕೆಲಸನೂ ಅಲ್ಲ."

ಕೆರಿಯಪ್ಪ ಕೀಲಿಯನ್ನು ಗೊಂಚಲಿನಿಂದ ಬಿಚ್ಚಿ ಮೇಜಿನ ಮೇಲಿಟ್ಟ. "ಇನ್ಮೇಲೆ ಯಾರಿಗಾದ್ರೂ ಒಂದು ಪುಸ್ತಕ ಬೇಡ ಅನ್ಸಿದ್ರೆ ಮೊದಲು ಪೂರ್ತಿ ಓದ್ಲಿ. ಬರೆದು ಕೊಡ್ಲಿ. ಇಲ್ಲಿ ಎಲ್ಲರ ಮುಂದೆ ಮಾತಾಡನ. ಅಲ್ಲೀವರೆಗೆ ಪುಸ್ತಕ ಕಪಾಟಲ್ಲೇ ಇರ್ಲಿ. ನಾನು ಓದದೆ ಹಾಕಿದೆ, ಮಗಳ ಮದುವೇಲಿ ಮರ್ಯಾದೆ ಹೋಗೋದಿತ್ತು."

ಕೈಗಳು ಎದ್ದವು. ಎಣಿಸುವ ಅಗತ್ಯ ಬೀಳಲಿಲ್ಲ.

ಅಂದೇ ಬೀರು ತೆಗೆದರು. ಶಾಲೆಯದನ್ನು ಹೆಡ್‌ಮೇಷ್ಟ್ರೇ ಬಂದು ಒಯ್ದರು. ಉಳಿದವನ್ನು ಹೆಂಗಸರು ಕೈಯಲ್ಲಿ ಹಿಡಿದು, ರಸ್ತೆಯುದ್ದಕ್ಕೂ ಬೀಗರ ಹಾಡು ಹಾಡುತ್ತಾ ಗ್ರಂಥಾಲಯಕ್ಕೆ ಹೋದರು. ಕನ್ನಮ್ಮ ತನ್ನ ಪುಸ್ತಕವನ್ನು ತಾನೇ ಕಪಾಟಿಗಿಟ್ಟಳು. ಹೆಂಚು ಹೊದಿಸುವ ಮಾತೂ ಅದೇ ಸಭೆಯಲ್ಲಿ ಆಗಿತ್ತು. ಊರಿಗೊಂದು ಗ್ರಂಥಾಲಯ ಇದೆ ಎಂದು ಕೊನೆಗೂ ಮೆಂಬರುಗಳಿಗೆ ಗೊತ್ತಾಯಿತಲ್ಲ. ಆ ವಾರ, ಹೆಣ್ಣುಮಕ್ಕಳ ಮೈಯ ಬಗ್ಗೆ ಹೇಳುವ ಪುಸ್ತಕವನ್ನು ಮೊದಲು ಮನೆಗೆ ಒಯ್ದವಳು ನಿರಂಜನನ ಹೆಂಡತಿ. ಅವಳ ಮಗಳು ದೊಡ್ಡವಳಾಗುವ ವಯಸ್ಸಿಗೆ ಬಂದಿದ್ದಳು. ಗಂಡನನ್ನು ಅವಳು ಕೇಳಲಿಲ್ಲ.

ಅಕ್ಕ, ಅಣ್ಣ, ಇದನ್ನು ಓದುತ್ತಿರುವವರೇ, ಓದಿಸಿಕೊಂಡು ಕೇಳುತ್ತಿರುವವರೇ. ನಾಳೆ ನಿಮ್ಮ ಫೋನಿಗೂ ಒಂದು ಪುಟ ಬರುತ್ತದೆ. ಸಿಟ್ಟು ಬರುವ ಪುಟವನ್ನೇ ಆರಿಸಿ ಕಳಿಸುತ್ತಾರೆ. ಅದನ್ನು ಮುಂದಕ್ಕೆ ತಳ್ಳಬೇಡಿ. ಗ್ರಂಥಾಲಯಕ್ಕೆ ಹೋಗಿ, ಆ ಪುಸ್ತಕ ಕೇಳಿ ಪಡೆದು ಓದಿ. ಯಾರಾದರೂ ಪುಸ್ತಕ ಹೊತ್ತುಕೊಂಡು ಹೋಗಲು ಬಂದರೆ, ಪೂರ್ತಿ ಓದಿದ್ದೀರಾ ಎಂದು ಕೇಳಿ. ಯಾರ ಆದೇಶ, ಯಾಕೆ, ಬರೆದು ಕೊಡಿ ಎನ್ನಿ. ಕೊಡದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಲ್ಲಿ. ಒಬ್ಬರೇ ನಿಲ್ಲಬೇಡಿ, ಸಂಘದವರನ್ನೆಲ್ಲ ಕರೆದುಕೊಂಡು ನಿಲ್ಲಿ. ನಿಮಗೆ ಹಿಡಿಸದ ಪುಸ್ತಕಕ್ಕೂ ನಿಲ್ಲಿ. ನಾಳೆ ನಿಮಗೆ ಬೇಕಾದ ಪುಸ್ತಕಕ್ಕೆ ಕೀಲಿ ಬಿದ್ದಾಗ ಯಾರಾದರೂ ನಿಲ್ಲಬೇಡವೇ?

ದುಡ್ಡಿದ್ದವರಿಗೆ ಪುಸ್ತಕ ಎಲ್ಲಿಂದಲಾದರೂ ಬರುತ್ತದೆ. ಅರ್ಧಕ್ಕೆ ಶಾಲೆ ಬಿಟ್ಟು ಕೂಲಿಗೆ ಹೋದವರಿಗೆ, ಅಡುಗೆಮನೆ ಸೇರಿದ ಹುಡುಗಿಯರಿಗೆ ಉಳಿದಿರುವ ಶಾಲೆ ಹೆಂಚು ಒಡೆದ ಆ ಒಂದು ಕೋಣೆ. ಅದರ ಕಪಾಟಿಗೆ ಕೈ ಹಾಕಲು ಯಾರನ್ನೂ ಬಿಡಬೇಡಿ. ಒಂದು ಪುಟ ತೋರಿಸಿ ನಿಮ್ಮ ಸಿಟ್ಟನ್ನು ಬೇಡಿಕೊಂಡು ಬರುವವನಿಗೆ ಒಂದೇ ಮಾತು ಹೇಳಿ: ಮುಂದಿನ ಪುಟ ತೋರಿಸು.